ನಿಮಗಿದು ಗೊತ್ತೆ? ನಡುಹಗಲಲ್ಲೂ ಬೀದಿದೀಪ!

ಅಮೆರಿಕದ ಉಕ್ಕಿನ ನಗರ ಪಿಟ್ಸ್‌ಬರ್ಗ್‌ನಲ್ಲಿ 1940ರ ಸುಮಾರಿಗೆ ತೆಗೆದ ಕೆಲವು ಫೋಟೊಗಳನ್ನು ನೋಡಿದರೆ ರಾತ್ರಿಯವು ಎನಿಸುತ್ತದೆ. ಬೀದಿದೀಪಗಳು ಉರಿಯುತ್ತಿವೆ, ಕಾರುಗಳ ಹೆಡ್‌ಲೈಟ್ ಬೆಳಗುತ್ತಿವೆ. ಆದರೆ ಅವು ಹಾಡಹಗಲಿನ ಚಿತ್ರಗಳು! ಕಲ್ಲಿದ್ದಲಿನ ಹೊಗೆ ಸೂರ್ಯನನ್ನೇ ಮರೆಮಾಡಿತ್ತು.

ನಗರಾಡಳಿತ 1941ರಲ್ಲಿ ಹೊಗೆ ನಿಯಂತ್ರಣ ಕಾನೂನು ತಂದಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಿಂದ ಅದು ಜಾರಿಯಾಯಿತು.

ಮತ್ತೆ ಫೋಟೊಗಳ ಮಾತಿಗೆ ಬಂದರೆ, 1955ರಲ್ಲಿ ಛಾಯಾಗ್ರಾಹಕ ಡಬ್ಲ್ಯು. ಯುಜೀನ್ ಸ್ಮಿತ್ ಕೆಲವೇ ವಾರಗಳ ಕೆಲಸಕ್ಕೆಂದು ಇಲ್ಲಿಗೆ ಬಂದು, ಸಾವಿರಾರು ಚಿತ್ರ ತೆಗೆದರು. ಇದೇ ಊರಿನ ಟೀನಿ ಹ್ಯಾರಿಸ್ ಕಪ್ಪುವರ್ಣೀಯರ ದಿನನಿತ್ಯದ ಬದುಕನ್ನು ಸೆರೆಹಿಡಿದರು. ಅವರ ಸುಮಾರು 80,000 ನೆಗೆಟಿವ್‌ಗಳು ಈಗ ಕಾರ್ನೆಗಿ ಕಲಾ ಸಂಗ್ರಹಾಲಯದಲ್ಲಿವೆ.

ಇನ್ನು ಉಕ್ಕಿನ ಕಥೆ: ನಗರದ ಪಕ್ಕದ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆ 1986ರಲ್ಲಿ ಮುಚ್ಚಿತು. ಆ ಜಾಗದಲ್ಲಿ ಇಂದು ಅಂಗಡಿ, ಹೋಟೆಲು, ಚಿತ್ರಮಂದಿರಗಳಿವೆ. ಕಾರ್ಖಾನೆಯ 12 ಹೊಗೆಗೊಳವೆಗಳನ್ನು ಕೆಡವದೆ ಸಾಲಾಗಿ ಉಳಿಸಿಕೊಳ್ಳಲಾಗಿದೆ.