ಅಗಸಿ ಹಿಂಡಿಯೊಳಗಿನ ಜೀನಿನ ಕಥೆ

ಕೂಡಲಸಂಗಮ. ಕೃಷ್ಣೆ, ಮಲಪ್ರಭೆ ಕೂಡುವ ಜಾಗ. ದರ್ಶನ ಮುಗಿಸಿ ಬುತ್ತಿ ಬಿಚ್ಚಿದರೆ ಖಡಕ್ ರೊಟ್ಟಿ, ಒಂದು ಚಮಚ ಅಗಸಿ ಹಿಂಡಿ, ಅದರ ಮೇಲೆ ಕುಸುಬಿ ಎಣ್ಣೆ. ಆ ಚಮಚದ ಮೇಲೇ ಕಣ್ಣಿಡಿ.

ಅಗಸಿ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಒಮೆಗಾ-3. ಆದರೆ ಮೀನಿನಲ್ಲಿರುವಂಥದ್ದಲ್ಲ, ಅದರ ಕಚ್ಚಾ ಮಾಲು. ಮಿದುಳಿಗೆ ಬೇಕಾದ ಉದ್ದ ಸರಪಳಿಯ ಕೊಬ್ಬನ್ನು ದೇಹವೇ ಅದರಿಂದ ಕಟ್ಟಿಕೊಳ್ಳಬೇಕು. ಕಟ್ಟುವ ಕಿಣ್ವಗಳ ನಕ್ಷೆ ಇರುವುದು 11ನೇ ಕ್ರೋಮೋಸೋಮಿನ ಫ್ಯಾಡ್ಸ್ ಜೀನುಗಳಲ್ಲಿ.

ಈ ಜೀನುಗಳು ಎಲ್ಲರಲ್ಲೂ ಒಂದೇ ಥರ ಇಲ್ಲ. ಅವುಗಳಲ್ಲೊಂದಾದ ಫ್ಯಾಡ್ಸ್-2ರಲ್ಲಿ 22 ಡಿಎನ್‌ಎ ಅಕ್ಷರಗಳ ತುಣುಕೊಂದು ಸೇರಿದ್ದರೆ ಕಟ್ಟುವ ಕೆಲಸ ಚುರುಕು. 2016ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ತಂಡ ಪುಣೆಯ 234 ಜನರನ್ನು ನೋಡಿತು, ಬಹುತೇಕ ಸಸ್ಯಾಹಾರಿಗಳು. ಶೇ. 68ರಷ್ಟು ಮಂದಿಗೆ ತಾಯಿ, ತಂದೆ ಇಬ್ಬರಿಂದಲೂ ಆ ತುಣುಕು ಬಂದಿತ್ತು. ಅಮೆರಿಕನ್ನರಲ್ಲಿ? ಶೇ. 18.

ಆಂಡಿಸ್ ಬೆಟ್ಟದ ಐಮಾರಾ, ಕೆಚುವಾ ಜನರೂ ಸೇರಿದ ಅಮೆರಿಕದ ಮೂಲನಿವಾಸಿಗಳಲ್ಲಿ ಕಥೆ ಉಲ್ಟಾ. ಅಲ್ಲಿ ಹೆಚ್ಚಿರುವುದು ನಿಧಾನದ ರೂಪ. ಪೂರ್ವಜರು ಉತ್ತರದ ಚಳಿನಾಡಲ್ಲಿ ಮೀನು, ಮಾಂಸ ತಿಂದು ಬಂದವರು ಎಂಬುದು ಒಂದು ವಿವರಣೆ.

ಹಾಗಂತ ಪುಣೆಯ ಲೆಕ್ಕವನ್ನು ಕೂಡಲಸಂಗಮಕ್ಕೆ ಅಂಟಿಸಬೇಡಿ. ಒಂದೇ ಮನೆಯ ಅಣ್ಣತಮ್ಮಂದಿರಲ್ಲೂ ಜೀನು ಬೇರೆ ಇರಬಹುದು. ಇನ್ನೊಂದು ತಕರಾರು: ಇದೇ ಫ್ಯಾಡ್ಸ್ ಕಿಣ್ವಗಳು ಕುಸುಬಿ, ಸೂರ್ಯಕಾಂತಿ ಎಣ್ಣೆಯ ಒಮೆಗಾ-6 ಮೇಲೂ ಕೆಲಸ ಮಾಡುತ್ತವೆ. ಮಿರ್ಚಿ ಭಜಿ ಬಾಣಲೆ ದಿನಾ ಕಾದರೆ ಅಗಸಿಗೆ ಸರದಿ ಸಿಗುವುದೇ ಕಡಿಮೆ.

ಹಾಂ, ಅಗಸಿಯನ್ನು ಇಡಿಯಾಗಿ ನುಂಗಬೇಡಿ, ಕಾಳು ಹೆಚ್ಚಾಗಿ ಹಾಗೇ ಹೊರಬೀಳುತ್ತದೆ. ಅವ್ವ ಮಾಡುವಂತೆ ಹುರಿದು, ಕುಟ್ಟಿ ತಿನ್ನಿ.