ದಪ್ಪ ಅಕ್ಷರ: ರೂಪ ಮತ್ತು ಬಳಕೆ

ಪತ್ರಿಕೆಯ ಹೆಸರು, ನಾಟಕದ ಭಿತ್ತಿಪತ್ರ, ಅಂಗಡಿಯ ಫಲಕ ಇವುಗಳ ಅಕ್ಷರ ಪುಸ್ತಕದ ಒಳಪುಟದ ಅಕ್ಷರದಂತಿರುವುದಿಲ್ಲ. ಒಳಪುಟದ ಅಕ್ಷರ ಹತ್ತಿರ ಕುಳಿತು ಓದುವುದಕ್ಕೆ. ಫಲಕದ ಅಕ್ಷರ ದೂರದಿಂದ ಕರೆಯುವುದಕ್ಕೆ. ಕರೆಯುವ ಅಕ್ಷರ ದಪ್ಪವಾಗಿರಬೇಕು, ನಿಜ. ಆದರೆ ದಪ್ಪವಾದಷ್ಟೂ ಒಳ್ಳೆಯದೇ?

ಮೊದಲು ಯುರೋಪಿನ ಒಂದು ಉದಾಹರಣೆ ನೋಡೋಣ. ಜರ್ಮನಿಯ ಗುಟೆನ್‌ಬರ್ಗ್ ಸುಮಾರು ೧೪೫೫ರಲ್ಲಿ ಬೈಬಲನ್ನು ಅಚ್ಚು ಹಾಕಿದಾಗ, ಅಂದಿನ ಕೈಬರಹವನ್ನು ಅನುಸರಿಸಿ ಬಳಸಿದ್ದು ‘ಬ್ಲ್ಯಾಕ್‌ಲೆಟರ್’ ಎಂಬ ಅಕ್ಷರವನ್ನು. ಅಗಲ ಮೊನೆಯ ಲೇಖನಿಯಿಂದ ಹುಟ್ಟಿದ ಇದರಲ್ಲಿ ನೆಟ್ಟಗಿನ ದಪ್ಪ ಗೀಟುಗಳು ಒತ್ತೊತ್ತಾಗಿ ನಿಲ್ಲುತ್ತವೆ. ತುದಿಗಳು ಚೂಪಾಗಿ ಮುರಿಯುತ್ತವೆ. ಇಡೀ ಪುಟ ನೇಯ್ದ ಬಟ್ಟೆಯಂತೆ ಕಪ್ಪಾಗಿ ಕಾಣುತ್ತದೆ. ಜರ್ಮನಿಯ ಪುಸ್ತಕಗಳಲ್ಲಿ ಇದರ ಒಂದು ಬಗೆ ೧೯೪೧ರವರೆಗೂ ಬಳಕೆಯಲ್ಲಿತ್ತು. ಇಂದು ಇದು ಮುಖ್ಯವಾಗಿ ಶೀರ್ಷಿಕೆಗಳಲ್ಲಿ ಉಳಿದಿದೆ. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಹೆಸರು ಇದೇ ಅಕ್ಷರದಲ್ಲಿದೆ. ಪ್ರಮಾಣಪತ್ರಗಳ ತಲೆಬರಹದಲ್ಲೂ ಇದನ್ನು ಕಾಣಬಹುದು. ನಾಲ್ಕು ಪದಕ್ಕೆ ಇದು ಗಾಂಭೀರ್ಯ ತರುತ್ತದೆ. ನಾಲ್ಕು ಪುಟವಾದರೆ ಇಂದಿನ ಕಣ್ಣಿಗೆ ಆಯಾಸ.

ಇನ್ನು ಕನ್ನಡಕ್ಕೆ ಬರೋಣ. ನಮ್ಮ ಅಕ್ಷರ ದುಂಡು. ಗೀಟು ದಪ್ಪವಾದಂತೆಲ್ಲ ಒಳಗಿನ ಬಿಳಿ ಜಾಗ ಕಿರಿದಾಗುತ್ತದೆ. ವಿಜಯಪುರ ಜಿಲ್ಲೆಯ ನಾಲ್ಕು ತಾಲ್ಲೂಕು ಕೇಂದ್ರಗಳ ಹೆಸರನ್ನು ಬಸ್ಸಿನ ಫಲಕಕ್ಕೆ ಬರೆಯಬೇಕೆಂದುಕೊಳ್ಳಿ. ‘ಇಂಡಿ’ಯ ಸೊನ್ನೆ ಮುಚ್ಚಿದರೆ ಬರೀ ಚುಕ್ಕೆಯಾಗುತ್ತದೆ. ‘ಸಿಂದಗಿ’ಯ ಗುಡಿಸುಗಳು ತುಂಬಿಕೊಂಡರೆ ‘ಸಿ’, ‘ಗಿ’ಗಳನ್ನು ಊಹಿಸಬೇಕಾಗುತ್ತದೆ. ‘ಮುದ್ದೇಬಿಹಾಳ’ದ ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲಿನ ಕೆಳಗೂ ಜಾಗ ಬೇಕು. ‘ಬಸವನ ಬಾಗೇವಾಡಿ’ಯನ್ನು ಇಂಡಿಯಷ್ಟೇ ಅಗಲದಲ್ಲಿ ತುರುಕಿದರೆ ಅಕ್ಷರಕ್ಕೆ ಅಕ್ಷರ ಅಂಟಿಕೊಳ್ಳುತ್ತದೆ. ಹೊರಟು ನಿಂತ ಬಸ್ಸಿನತ್ತ ಧಾವಿಸುವ ವೃದ್ಧರಿಗೆ, ಈಗಷ್ಟೇ ಓದು ಕಲಿತವರಿಗೆ ಇದು ಅಂದಚಂದದ ಮಾತಲ್ಲ, ಊರು ಮುಟ್ಟುವ ಮಾತು.

ಮಹಾಪ್ರಾಣಗಳಲ್ಲಿ ತೊಡಕು ಇನ್ನೂ ಹೆಚ್ಚು. ‘ಧ’ದ ಕೆಳಗಿನ ಚಿಕ್ಕ ಸೀಳು ಮುಚ್ಚಿಹೋದರೆ ‘ಧನಸಹಾಯ’ವು ‘ದನಸಹಾಯ’ವಾಗುತ್ತದೆ! ‘ಠ’ದ ನಡುವಿನ ಚುಕ್ಕೆಗೂ ಇದೇ ಅಪಾಯ. ಆದ್ದರಿಂದ ದಪ್ಪ ಅಕ್ಷರದ ಬಲ ಅದರ ಕಪ್ಪಿನಲ್ಲಿ ಮಾತ್ರವಲ್ಲ, ಒಳಗೆ ಉಳಿಸಿಕೊಂಡ ಬಿಳುಪಿನಲ್ಲಿಯೂ ಇದೆ.

ಫ.ಗು. ಹಳಕಟ್ಟಿಯವರು ಅಂದಿನ ಬಿಜಾಪುರದಲ್ಲಿ ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯ ಸ್ಥಾಪಿಸಿ ವಚನ ಸಾಹಿತ್ಯವನ್ನು ಅಚ್ಚಿಗೆ ತಂದರು. ನಿಧಾನವಾಗಿ ಓದಿ ಮನನ ಮಾಡಬೇಕಾದ ಅಂಥ ಸಾಹಿತ್ಯಕ್ಕೆ ತೆಳುವಾದ, ಸಮತೂಕದ ಅಕ್ಷರವೇ ತಕ್ಕುದು. ಅದರ ರಕ್ಷಾಪುಟದ ಹೆಸರಿಗೆ ಮಾತ್ರ ದಪ್ಪ ಅಕ್ಷರ ಒಪ್ಪುತ್ತದೆ.

ನಿಮ್ಮ ಶಾಲೆಯ ಗೋಡೆ ಪತ್ರಿಕೆಗೆ ತಲೆಬರಹ ಬರೆಯುವಾಗ ಒಂದು ಪರೀಕ್ಷೆ ಮಾಡಿ. ಅದನ್ನು ಗೋಡೆಗೆ ಅಂಟಿಸಿ, ಇಪ್ಪತ್ತು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿ. ಸೊನ್ನೆ, ಸೀಳು, ಒತ್ತು ಮೂರೂ ಕಂಡರೆ ಅಕ್ಷರ ಗೆದ್ದಂತೆ. ಕಾಣದಿದ್ದರೆ ಗೀಟನ್ನು ತುಸು ತೆಳುವಾಗಿಸಿ.