ಮಗ ಸಾಕಿದ ಕಡಸನ್ನು ಗಬ್ಬ ಕಟ್ಟಿಸಬೇಕೇ?

ಮಕ್ಕಳು ಕೈಯಾರೆ ಹುಲ್ಲು ಕೊಟ್ಟು ಬೆಳೆಸಿದ ಕರು ಹಟ್ಟಿಯ ಉಳಿದ ದನಗಳಂತಲ್ಲ. ಅದರ ವಿಷಯದಲ್ಲಿ ಲೆಕ್ಕ ಹಾಕುವುದಕ್ಕೂ ಮನಸ್ಸು ಹಿಂಜರಿಯುತ್ತದೆ. ನಮ್ಮ ಮಗ ಏಳನೆಯ ತರಗತಿಯಲ್ಲಿದ್ದಾಗ ಅಜ್ಜನ ಮನೆಯಿಂದ ಒಂದು ಗಿಡ್ಡ ತಳಿಯ ಹೆಣ್ಣುಕರು ಬಂತು. ಶಾಲೆಗೆ ಹೊರಡುವ ಮುಂಚೆ ಅಕ್ಕಚ್ಚು ಕೊಡುವುದು, ಸಂಜೆ ಗುಡ್ಡೆಯಿಂದ ಹೊಡೆದು ತರುವುದು ಅವನದೇ ಕೆಲಸವಾಗಿತ್ತು. ಈಗ ಅವನು ಹತ್ತನೆಯದು ಮುಗಿಸಿ ಮಂಗಳೂರಿನ ಹಾಸ್ಟೆಲು ಸೇರಿದ್ದಾನೆ. ಕರು ಮೂರು ವರ್ಷ ದಾಟಿದ ಕಡಸಾಗಿದೆ. ಅದು ಬೆದೆಗೆ ಬಂದು ಕೂಗತೊಡಗಿದ ದಿನವೇ ಮನೆಯಲ್ಲಿ ಪ್ರಶ್ನೆಯೂ ಎದ್ದಿತು.

"ಅದರದ್ದೊಂದು ಕರು ಬೇಕು ಅಪ್ಪ" ಎಂದು ಮಗ ಫೋನಿನಲ್ಲಿ ಹೇಳಿದ. ಮನೆಯಾಕೆ ಪಕ್ಕದಲ್ಲೇ ಇದ್ದಳು. "ಹಗ್ಗ ಹಿಡಿಯುವವನು ಮಂಗಳೂರಿನಲ್ಲಿ. ಸೆಗಣಿ ಬಾಚುವವಳು ನಾನು. ನನ್ನನ್ನು ಯಾರಾದರೂ ಕೇಳಿದಿರಾ?" ಎಂದಳು. ಅವಳ ಮಾತು ನ್ಯಾಯವಾದದ್ದೇ. ಕರು ಹುಟ್ಟಿಸುವ ತೀರ್ಮಾನವನ್ನು ಅದನ್ನು ಸಾಕುವವರೇ ಮಾಡಬೇಕು.

ಯಾವ ಹೋರಿಯದು?

ಮಲಯಾಳದಲ್ಲಿ 'ಕಾಸರಗೋಡ್ ಕುಳ್ಳನ್' ಎಂದೂ ನಮ್ಮಲ್ಲಿ ಊರ ದನ, ಗಿಡ್ಡ ಎಂದೂ ಕರೆಯುವ ಈ ತಳಿಯ ಹಸು ಒಂದೂವರೆ ಕ್ವಿಂಟಾಲಿನ ಆಸುಪಾಸು ತೂಗುತ್ತದೆ. ಹಾಲು ದಿನಕ್ಕೆ ಒಂದೆರಡು ಲೀಟರು ಮಾತ್ರ. ಹಾಗಾದರೆ ಜಾತಿ ಹೋರಿಯ ಇಂಜೆಕ್ಷನ್ ಕೊಡಿಸಿ, ಮುಂದಿನ ತಲೆಮಾರಾದರೂ ಹೆಚ್ಚು ಹಾಲು ಕೊಡಲಿ ಎನ್ನುವವರಿದ್ದಾರೆ. ಆದರೆ ಶುದ್ಧ ಎಚ್.ಎಫ್. ಕರು ಹುಟ್ಟುವಾಗಲೇ 35ರಿಂದ 40 ಕಿಲೋ ಇರುತ್ತದೆ. ಬೆರಕೆ ಕರು ಅಷ್ಟಾಗದಿದ್ದರೂ, ಚೊಚ್ಚಲ ಗಿಡ್ಡ ಕಡಸಿಗೆ ಅದು ದೊಡ್ಡದೇ. ಕರು ಅಡ್ಡ ಸಿಕ್ಕಿಕೊಂಡರೆ ತಾಯಿ, ಕರು ಎರಡರ ಪ್ರಾಣಕ್ಕೂ ಅಪಾಯ. ಹಾಲಿನ ಆಸೆಗೆ ಇಂತಹ ಸಾಹಸ ಸಲ್ಲದು.

ಇನ್ನೂ ಒಂದು ಮಾತಿದೆ. ಪರವಾನಗಿಯಿಲ್ಲದ ಹೋರಿಗಳನ್ನು ಬೀಜ ಒಡೆಸಬೇಕೆಂದು ಕೇರಳದಲ್ಲಿ 1961ರಲ್ಲಿ ಕಾಯಿದೆ ಬಂತು. 1963ರಲ್ಲಿ ಮಾಟ್ಟುಪೆಟ್ಟಿಯಲ್ಲಿ ಸ್ವಿಟ್ಜರ್ಲೆಂಡಿನ ಸಹಕಾರದ ಯೋಜನೆ ಆರಂಭವಾಗಿ ಬ್ರೌನ್ ಸ್ವಿಸ್ ಬೆರಕೆ ಹಬ್ಬಿತು. ಹಾಲು ಹೆಚ್ಚಿತು, ನಿಜ. ಆದರೆ ಊರ ತಳಿಗಳು ಕರಗಿದವು. ವೆಚ್ಚೂರು ತಳಿ ಇಲ್ಲವಾಗುವ ಹಂತದಲ್ಲಿದ್ದಾಗ, 1989ರಲ್ಲಿ ಡಾ. ಶೋಶಮ್ಮ ಐಪ್ ಮತ್ತು ಅವರ ವಿದ್ಯಾರ್ಥಿಗಳು ಊರೂರು ಹುಡುಕಿ ಮಣ್ಣುತ್ತಿಯಲ್ಲಿ ಅದನ್ನು ಉಳಿಸಿದರು. ನಮ್ಮ ಗಿಡ್ಡಕ್ಕಾಗಿ ಬದಿಯಡ್ಕದ ಬೇಳದಲ್ಲಿ ಸರಕಾರಿ ಫಾರ್ಮ್ ಇದೆ. ಆದರೂ ತಳಿ ಉಳಿಯುವುದು ಮನೆಮನೆಯ ಹಟ್ಟಿಯಲ್ಲೇ. ಒಳ್ಳೆಯ ಕಡಸೊಂದು ಕರು ಹಾಕದೆ ಹೋದರೆ ಅಷ್ಟರಮಟ್ಟಿಗೆ ನಷ್ಟವೇ ಸರಿ.

ಹಾಗೆಂದು ಯಾವ ಗಿಡ್ಡ ಹೋರಿಯಾದರೂ ಆಗದು. ಅಜ್ಜನ ಮನೆಯಲ್ಲೇ ಹೋರಿಯಿದೆ. ಆದರೆ ನಮ್ಮ ಕಡಸಿಗೆ ಅದು ತಂದೆ. ರಕ್ತಸಂಬಂಧದಲ್ಲಿ ಕೂಡಿಸಿದರೆ ಬಲಹೀನ ಕರುಗಳು ಹುಟ್ಟುವ ಸಂಭವ ಹೆಚ್ಚು. ದನಗಳು ಕಡಿಮೆಯಾದಷ್ಟೂ ಈ ತಪ್ಪು ತಿಳಿಯದೆಯೇ ನಡೆಯುತ್ತದೆ. ಹೋರಿಯ ತಾಯಿ ತಂದೆ ಯಾವುದೆಂದು ಕೇಳಬೇಕು; ಅದಕ್ಕೆ ರೋಗವಿಲ್ಲವೆಂದು ದನದ ಡಾಕ್ಟರಿಂದ ಖಚಿತಪಡಿಸಿಕೊಳ್ಳಬೇಕು.

ಗಂಡುಕರುವಾದರೆ?

ಇದೇ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಗದ್ದೆ ಉಳುತ್ತಿದ್ದ ಕಾಲದಲ್ಲಿ ಹೋರಿಕರುವಿಗೂ ಬೆಲೆಯಿತ್ತು. ಟಿಲ್ಲರು ಬಂದ ಮೇಲೆ ಅದು ಯಾರಿಗೂ ಬೇಡವಾಯಿತು. ಹುಟ್ಟಿದ ಮೇಲೆ ದಾರಿ ಹುಡುಕಿದರೆ ಅದು ಸೇರುವ ಜಾಗ ಯಾವುದೆಂದು ನಮಗೆಲ್ಲ ಗೊತ್ತು. ಆದ್ದರಿಂದ ಗಬ್ಬ ಕಟ್ಟಿಸುವ ಮೊದಲೇ ಕರುವಿಗೆ ಹಟ್ಟಿ ಗೊತ್ತುಮಾಡಬೇಕು. ಅಡಿಕೆ ತೋಟಕ್ಕೆ ಗೊಬ್ಬರ ಬೇಕೆಂದಿದ್ದ ನನ್ನ ಭಾವನವರನ್ನು ಕೇಳಿದೆ. ಗಂಡಾದರೂ ತಾವು ಸಾಕುವುದಾಗಿ ಅವರು ಒಪ್ಪಿದರು. ಅವರು ಒಪ್ಪದಿದ್ದರೆ ನಾವು ಈ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

ಬೆದೆ ಸುಮಾರು 21 ದಿನಕ್ಕೊಮ್ಮೆ ಬರುತ್ತದೆ. ಬೆಳಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಇಂಜೆಕ್ಷನ್ ಕೊಡಿಸುವುದು ವಾಡಿಕೆ. ಹೋರಿಗೇ ಕೊಂಡುಹೋಗುವುದಾದರೂ ತಡಮಾಡಬಾರದು. ಆಮೇಲೆ ಒಂಬತ್ತು ತಿಂಗಳು ಹತ್ತು ದಿನ.

ಈ ಲೆಕ್ಕವನ್ನು ಮುಂದಿಟ್ಟುಕೊಂಡು ಮನೆಯಾಕೆಯನ್ನು ಕೇಳಿದೆ. ಅವಳು ಕ್ಯಾಲೆಂಡರು ತಿರುವಿ ನೋಡಿದಳು. "ಆಟಿಯ ಮೊದಲ ವಾರದ ಬೆದೆಗೆ ಆಗಲಿ. ಎಪ್ರಿಲಿನಲ್ಲಿ ಕರು ಹಾಕುತ್ತದೆ, ಅವನಿಗೆ ರಜೆ ಇರುತ್ತದೆ. ಆ ಎರಡು ತಿಂಗಳು ಹಟ್ಟಿ ಅವನದು" ಎಂದಳು. ಮಗನೂ ಒಪ್ಪಿದ್ದಾನೆ. ಪಕ್ಕದ ಪಂಚಾಯತಿನಲ್ಲಿ ಬೇರೆ ಮನೆತನದ ಹೋರಿಯೊಂದನ್ನು ನೋಡಿ ಬಂದಿದ್ದೇವೆ.

ಹೊಣೆ ಹೊರುವವರು ಇಲ್ಲದ ಮನೆಯವರು ಕಡಸನ್ನು ಸಾಕುವ ಬೇರೆ ಮನೆಗೆ ಕೊಡುವುದೇ ಲೇಸು. ಮಕ್ಕಳ ಪ್ರೀತಿಗೆ ಅದರಿಂದ ಕುಂದಿಲ್ಲ. ಜಾಗ ಗೊತ್ತುಮಾಡದೆ ಕರು ಹುಟ್ಟಿಸಿದರೆ ಮಾತ್ರ ಕುಂದು.